ಕಾಫಿ ತೋಟದಲ್ಲಿ ಹಿಮಕುಸಿತದ ಅಭ್ಯಾಸ: ನನ್ನ ಅನುಭವ

ಹಿಮವೇ ಬೀಳದ ಕೊಡಗಿನಲ್ಲಿ ಕೂತು ಹಿಮಕುಸಿತದ ತರಬೇತಿ ಯಾಕೆ ಎಂದು ತುಂಬಾ ಜನ ಕೇಳುತ್ತಾರೆ. ನಾನು ಮತ್ತು ನನ್ನ ಜೊತೆಯವರು ಕಾಶ್ಮೀರದ ಗುಲ್ಮಾರ್ಗ್‌ಗೆ ಸ್ಕೀ ಮಾಡಲು ಹೋಗುತ್ತೇವೆ. ಅಲ್ಲಿ ಗೊಂಡೋಲಾದ (ಕೇಬಲ್ ಕಾರಿನ) ಎರಡನೇ ಹಂತ ಅಫರ್ವಟ್ ಬೆಟ್ಟದ ಮೇಲೆ, ಸುಮಾರು 3,950 ಮೀಟರ್ ಎತ್ತರದಲ್ಲಿ ಇಳಿಸುತ್ತದೆ. ಸ್ಕೀ ಪ್ಯಾಟ್ರೋಲ್‌ನವರು ನೋಡಿಕೊಳ್ಳುವ ಜಾಗ ಅದರಲ್ಲಿ ಸ್ವಲ್ಪ ಮಾತ್ರ. ಆ ಗೆರೆ ದಾಟಿದ ಮೇಲೆ ನಮ್ಮನ್ನು ಹಿಮದಿಂದ ಎತ್ತುವವರು ಯಾರು? ಜೊತೆಗಿರುವವರೇ. ಬೇರೆ ಯಾರೂ ಸಮಯಕ್ಕೆ ಬಂದು ಮುಟ್ಟುವುದಿಲ್ಲ.

2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ನಮ್ಮ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ್ ಹಿಮಕುಸಿತಕ್ಕೆ ಸಿಕ್ಕಿ ಆರು ದಿನ ಹಿಮದಡಿ ಬದುಕಿದ್ದರು. ಆಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆಮನೆಯಲ್ಲೂ ಸೈನಿಕರಿರುವ ಕೊಡಗಿನಲ್ಲಿ ಆ ಸುದ್ದಿ ಎಲ್ಲರಿಗೂ ನೆನಪಿದೆ. ಆದರೆ ಅದನ್ನು ಕೇಳಿದವರು, ಹಿಮದ ಕೆಳಗೆ ಸಿಕ್ಕರೂ ತುಂಬಾ ಹೊತ್ತು ಬದುಕಬಹುದು ಎಂದುಕೊಳ್ಳುತ್ತಾರೆ. ಅದು ಬಹಳ ಅಪರೂಪದ ಸಂಗತಿ. ಪೂರ್ತಿ ಹೂತುಹೋದವರಲ್ಲಿ ಹತ್ತು ನಿಮಿಷದೊಳಗೆ ಹೊರಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಉಳಿಯುತ್ತಾರೆ. ಅರ್ಧ ಗಂಟೆ ದಾಟಿದರೆ ಮೂರರಲ್ಲಿ ಎರಡು ಪಾಲು ಜನ ಉಳಿಯುವುದಿಲ್ಲ. ಈ ಹತ್ತು ನಿಮಿಷಕ್ಕಾಗಿಯೇ ನಾವು ವರ್ಷಪೂರ್ತಿ ಕೈ ಪಳಗಿಸುವುದು.

ಮೊದಲ ಹಂತದ ಕೋರ್ಸ್‌ನಲ್ಲಿ ಬೀಕನ್ (ಮೈಮೇಲೆ ಕಟ್ಟಿಕೊಳ್ಳುವ, ಸಿಗ್ನಲ್ ಕಳಿಸುವ ಮತ್ತು ಹಿಡಿಯುವ ಯಂತ್ರ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಬಳಸುವುದನ್ನು ಕಲಿಸುತ್ತಾರೆ. ಮುಂದಿನ ಹಂತದಲ್ಲಿ ಹಿಮವನ್ನು ಓದುವುದು, ಒಬ್ಬರಿಗಿಂತ ಜಾಸ್ತಿ ಜನ ಹೂತಾಗ ಹುಡುಕುವುದು, ಗುಂಪಾಗಿ ತೀರ್ಮಾನ ಮಾಡುವುದು. ಕೋರ್ಸ್ ಮುಗಿಸಿ ಊರಿಗೆ ಬಂದ ಮೇಲೆ ಹತ್ತು ತಿಂಗಳು ಹಿಮ ಕಣ್ಣಿಗೆ ಬೀಳುವುದಿಲ್ಲ. ಅಷ್ಟರಲ್ಲಿ ಕಲಿತದ್ದೆಲ್ಲ ಕೈಯಿಂದ ಜಾರಿಹೋಗುತ್ತದೆ. ಅದಕ್ಕೇ ತೋಟದಲ್ಲಿ ಅಭ್ಯಾಸ ಶುರು ಮಾಡಿದೆವು.

ಬೀಕನ್ 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ ಯಂತ್ರ. ಕಾಫಿ ಗಿಡದ ಬುಡದಲ್ಲಿ ತರಗೆಲೆಯಡಿ ಇಟ್ಟರೂ ಅದರ ಸಿಗ್ನಲ್ ಬರುತ್ತದೆ. ಒಬ್ಬರು ಅದನ್ನು ಟಿಫಿನ್ ಡಬ್ಬಿಯಲ್ಲಿ ಹಾಕಿ ಬಚ್ಚಿಡುತ್ತಾರೆ. ಡಬ್ಬಿ ಪ್ಲಾಸ್ಟಿಕ್‌ದೇ ಇರಬೇಕು, ಸ್ಟೀಲ್ ಆದರೆ ಸಿಗ್ನಲ್ ಹಾಳು. ಉಳಿದವರು ಮೇಲಿನಿಂದ ಹುಡುಕುತ್ತಾ ಇಳಿಯುತ್ತಾರೆ. ಬೀಕನ್ ತೋರಿಸುವ ಬಾಣದ ಗುರುತು ನೇರವಾಗಿ ಕರೆದುಕೊಂಡು ಹೋಗುವುದಿಲ್ಲ, ಬಾಗಿದ ದಾರಿಯಲ್ಲಿ ಸುತ್ತಿಸುತ್ತದೆ. ಹೊಸಬರು ಅಲ್ಲಿ ಗಾಬರಿಯಾಗಿ ಓಡುತ್ತಾರೆ. ದೂರದಲ್ಲಿದ್ದಾಗ ಓಡಲಿ, ತೊಂದರೆ ಇಲ್ಲ. ಆದರೆ ಮೂರು ಮೀಟರ್ ಒಳಗೆ ಬಂದ ಮೇಲೆ ಬೀಕನ್ನನ್ನು ನೆಲಕ್ಕೆ ತಾಗುವ ಹಾಗೆ ಹಿಡಿದು, ದಿಕ್ಕು ತಿರುಗಿಸದೆ, ನಿಧಾನವಾಗಿ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಸಬೇಕು. ದೂರದ ಅತಿ ಕಡಿಮೆ ಸಂಖ್ಯೆ ಎಲ್ಲಿ ತೋರಿಸುತ್ತದೋ ಅಲ್ಲಿಂದ ಪ್ರೋಬ್ ಶುರು.

ಪ್ರೋಬ್ ಮಾಡಲು ನಮ್ಮ ಮಣ್ಣು ಆಗುವುದಿಲ್ಲ. ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿಯುವುದು) ಆದ ಮೇಲೆ ರಾಶಿ ಬೀಳುವ ಕಾಫಿ ಸಿಪ್ಪೆ ಇದಕ್ಕೆ ಹೇಳಿ ಮಾಡಿಸಿದ್ದು. ಗೋಣಿಚೀಲಕ್ಕೆ ಹಳೇ ಜಾಕೆಟ್ ತುಂಬಿ ಬೀಕನ್ ಸಮೇತ ಅದರಲ್ಲಿ ಹೂಳುತ್ತೇವೆ. ಇಳಿಜಾರಿಗೆ ಲಂಬವಾಗಿ ಚುಚ್ಚಬೇಕು. 25 ಸೆಂಟಿಮೀಟರ್ ಅಂತರದಲ್ಲಿ, ಸುರುಳಿಯಾಗಿ ಹೊರಕ್ಕೆ. ಕಲ್ಲಿಗೆ ತಾಗಿದ್ದು ಬೇರೆ, ಚೀಲಕ್ಕೆ ತಾಗಿದ್ದು ಬೇರೆ. ಆ ವ್ಯತ್ಯಾಸ ಕೈಗೇ ಗೊತ್ತಾಗಬೇಕು, ಮಾತಲ್ಲಿ ಹೇಳಿಕೊಡಲು ಬರುವುದಿಲ್ಲ. ತಾಗಿದ ಮೇಲೆ ಪ್ರೋಬ್ ಹೊರಗೆ ಎಳೆಯಬಾರದು, ಅದೇ ಗುರುತು.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯುವುದು ಅಗೆಯುವುದಕ್ಕೆ. ಜಾರಿ ಬಂದು ನಿಂತ ಹಿಮ ಆ ಕ್ಷಣದಿಂದಲೇ ಗಟ್ಟಿ ಕಟ್ಟುತ್ತದೆ. ಪ್ರೋಬ್ ಇರುವ ಕಡೆ ಮೇಲಿನಿಂದ ಗುಂಡಿ ತೋಡಬಾರದು. ಆಳ ಎಷ್ಟಿದೆಯೋ ಅದರ ಒಂದೂವರೆ ಪಟ್ಟು ದೂರ ಇಳಿಜಾರಿನಲ್ಲಿ ಕೆಳಗೆ ಇಳಿದು, ಅಲ್ಲಿಂದ ಒಳಕ್ಕೆ ಅಗೆಯುತ್ತಾ ಹೋಗಬೇಕು. ಒಬ್ಬರು ಮುಂದೆ, ಉಳಿದವರು ಹಿಂದೆ ನಿಂತು ಹಿಮ ಸರಿಸುತ್ತಾರೆ. ಮುಂದಿನವರು ಸುಸ್ತಾಗುವ ಮೊದಲೇ ಬದಲಾಗಬೇಕು. ತೋಟದ ಕೆಲಸ ಮಾಡಿ ರೂಢಿ ಇರುವ ನಮಗೆ ಇದು ಸುಲಭ ಅನ್ನಿಸಬೇಕು, ಅಲ್ವಾ? ಹಾಗಿಲ್ಲ. ಹೊತ್ತುಕೊಂಡು ಹೋಗುವ ಸಲಿಕೆಯ ಹಿಡಿ ಗಿಡ್ಡ. ಮಂಡಿಯೂರಿ ಅಗೆಯಬೇಕು. ಸೊಂಟಕ್ಕೆ ಬೇರೆಯದೇ ಅಭ್ಯಾಸ ಬೇಕು.

ಎರಡು ಚೀಲ ಹತ್ತಿರ ಹತ್ತಿರ ಹೂತಾಗ ನಿಜವಾದ ಪರೀಕ್ಷೆ. ಒಂದನ್ನು ಹುಡುಕಿ ಗುರುತು ಹಾಕಿದ ಮೇಲೆ ಬೀಕನ್ ಇನ್ನೊಂದರ ಕಡೆ ತಿರುಗಿಸಬೇಕು. ಸಿಗ್ನಲ್ ಒಂದರ ಮೇಲೊಂದು ಬಿದ್ದರೆ ಅದಕ್ಕೆ ಗೊಂದಲ. ಆಗ ಯಂತ್ರದ ಮಾತು ಬಿಟ್ಟು, ಮೂರ್ನಾಲ್ಕು ಮೀಟರ್ ಅಂತರದಲ್ಲಿ ಸಾಲು ಸಾಲಾಗಿ ನಡೆದು ಸಂಖ್ಯೆ ಇಳಿಯುವುದನ್ನು ನೋಡಬೇಕು. ಕಾಫಿ ಗಿಡಗಳ ಸಾಲು ಇದಕ್ಕೆ ಅನುಕೂಲ. ಮಳೆಗಾಲದಲ್ಲಿ ಒದ್ದೆ ಕೈಗವಸು ಹಾಕಿಕೊಂಡು ಮಾಡಿದರೆ ಇನ್ನೂ ಒಳ್ಳೆಯದು. ಜಿಗಣೆ ಹತ್ತುತ್ತವೆ. ಹತ್ತಲಿ.

ಇಳಿಜಾರಿನ ಕೋನ ಅಂದಾಜು ಮಾಡುವುದನ್ನು ಮಾಂದಲ್‌ಪಟ್ಟಿಯಲ್ಲೂ ತಡಿಯಂಡಮೋಳ್‌ನಲ್ಲೂ ಹುಲ್ಲಿನ ಮೇಲೆ ಕಲಿತೆವು. ಮೊದಲು ಎಲ್ಲರೂ ಒಂದು ಸಂಖ್ಯೆ ಹೇಳುವುದು, ಆಮೇಲೆ ಅಳೆಯುವುದು. ಪದರ ಪದರವಾಗಿ ಜಾರುವ ಹಿಮಕುಸಿತ ಹೆಚ್ಚಾಗಿ 30ರಿಂದ 45 ಡಿಗ್ರಿ ನಡುವೆ ಆಗುತ್ತದೆ. 28ಕ್ಕೂ 33ಕ್ಕೂ ಬರಿಗಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಜೀವ ಹೋಗುವುದು ಉಳಿಯುವುದು ಅಷ್ಟರಲ್ಲೇ ಇದೆ. ನಾವು ನಿಂತ ಜಾಗ ಸಪಾಟಾಗಿದ್ದರೂ ತಲೆ ಮೇಲೆ ಏನಿದೆ ಎಂದು ನೋಡುವುದನ್ನು ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಹೇಗೆ ಬಂತು ಎಂದು ನೋಡಿದವರು ನಾವು. ಬರೆ (ಗುಡ್ಡ) ಕುಸಿತಕ್ಕೂ ಹಿಮಕುಸಿತಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಮಳೆ ನೀರು ಗುಡ್ಡವನ್ನು ಜಾರಿಸುತ್ತದೆ. ಅಲ್ಲಿ ಸಿಕ್ಕಿಬಿದ್ದ ಸ್ಕೀಯರ್‌ಗಳಲ್ಲಿ ಹತ್ತರಲ್ಲಿ ಒಂಬತ್ತು ಸಲ ಅವರೋ ಅವರ ಜೊತೆಯವರೋ ಹಿಮವನ್ನು ಜಾರಿಸಿರುತ್ತಾರೆ. ಅಂದರೆ ಹೆಚ್ಚಿನ ಸಾವು ತಪ್ಪಿಸಬಹುದು.

ಹಿಮದ ಪದರ ಮಾತ್ರ ಇಲ್ಲಿ ಕಲಿಯಲು ಆಗುವುದಿಲ್ಲ. ಅದಕ್ಕೆ ಅಲ್ಲೇ ಗುಂಡಿ ತೋಡಬೇಕು. ಡಿಸೆಂಬರ್‌ನಲ್ಲಿ ಹಿಮ ತೆಳ್ಳಗಿದ್ದು, ಬಹಳ ದಿನ ಆಕಾಶ ತಿಳಿಯಾಗಿ ಚಳಿ ಜಾಸ್ತಿಯಾದರೆ ಕೆಳಗಿನ ಹಿಮ ಸಕ್ಕರೆಯ ಹಾಗೆ ಬಿಡಿ ಬಿಡಿ ಹರಳಾಗುತ್ತದೆ. ಅದರ ಮೇಲೆ ಹೊಸ ಹಿಮ ದಪ್ಪಗೆ ಬಿದ್ದು ಗಾಳಿ ಒತ್ತಿದರೆ ಅಪಾಯ ತಯಾರು. ಇದನ್ನು ಪರೀಕ್ಷಿಸಲು ಗುಂಡಿಯ ಗೋಡೆಯಲ್ಲಿ 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಒಳಕ್ಕೆ ಹಿಮದ ಕಂಬ ಕಡಿದು, ಒಂದು ತುದಿಯಲ್ಲಿ ಸಲಿಕೆ ಇಟ್ಟು ತಟ್ಟುತ್ತೇವೆ. ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಬಿರುಕು ಈ ತುದಿಯಿಂದ ಆ ತುದಿಗೆ ಓಡಿದರೆ ಆ ಇಳಿಜಾರಿಗೆ ಹೋಗುವುದಿಲ್ಲ. ಓಡದಿದ್ದರೆ ಸುರಕ್ಷಿತ ಎಂದೂ ಅಲ್ಲ. ಈ ಎರಡನೇ ಮಾತನ್ನು ಜನ ಮರೆಯುತ್ತಾರೆ.

ನನ್ನ ಪ್ರಕಾರ ಅತಿ ಕಷ್ಟದ ಪಾಠ ಎಂದರೆ "ಬೇಡ" ಎನ್ನುವುದು. ಅರೇಬಿಕಾ ಕೊಯ್ಲು ಮುಗಿದು ರೋಬಸ್ಟಾ ಜೋರಾಗುವ ಮೊದಲು ಸಿಗುವ ಕೆಲವೇ ದಿನದಲ್ಲಿ ನಾವು ಹೋಗಿ ಬರಬೇಕು. ವಿಮಾನದ ಟಿಕೆಟ್ ಆಗಿರುತ್ತದೆ. ಎರಡು ದಿನ ಹಿಮ ಸುರಿದು ಮೂರನೇ ದಿನ ಬಿಸಿಲು ಬಂದರೆ ಮನಸ್ಸು ನಿಲ್ಲುವುದಿಲ್ಲ. ಆ ಮೊದಲ ಬಿಸಿಲಿನ ದಿನವೇ ಅತಿ ಅಪಾಯದ್ದು. ಅದಕ್ಕೆ ಗುಂಪಿನಲ್ಲಿ ಒಂದು ನಿಯಮ ಇಟ್ಟಿದ್ದೇವೆ. ಯಾರೊಬ್ಬರು ಬೇಡ ಎಂದರೂ ಎಲ್ಲರೂ ವಾಪಸ್, ಕಾರಣ ಕೇಳುವ ಹಾಗಿಲ್ಲ. ನಮ್ಮಲ್ಲಿ ಚಿಕ್ಕವರು ದೊಡ್ಡವರ ಮಾತು ಮೀರುವುದು ಕಡಿಮೆ. ಹಾಗಾಗಿ ಮೊದಲು ಚಿಕ್ಕವರನ್ನೇ ಕೇಳುತ್ತೇವೆ. ಕಳೆದ ಸಲ ಗೊಂಡೋಲಾದಿಂದ ಇಳಿದ ಕೂಡಲೇ ನನ್ನ ಅಕ್ಕನ ಮಗ, "ಮಾವ, ಗಾಳಿ ಆ ಕಡೆಯಿಂದ ಹಿಮ ತಂದು ಇಲ್ಲಿ ಸುರೀತಿದೆ, ನಂಗೆ ಬೇಡ ಅನ್ನಿಸ್ತಿದೆ" ಎಂದ. ಅವನಿಗಿಂತ ಹತ್ತಿಪ್ಪತ್ತು ವರ್ಷ ಹಿರಿಯರು ಸುಮ್ನೆ ಹಿಂದೆ ತಿರುಗಿದರು. ನನಗೆ ಆ ದಿನ ತುಂಬಾ ಹೆಮ್ಮೆಯಾಯಿತು.

ಕೊನೆಗೆ ಕೊಡಗಿನವರಿಗೇ ಹೇಳಬೇಕಾದ ಒಂದು ಮಾತು. ಊರಿಗೆ ಬಂದ ಕೂಡಲೇ ಬೀಕನ್‌ನಿಂದ ಸೆಲ್ ತೆಗೆದುಬಿಡಿ. ನಮ್ಮ ಜೂನ್, ಜುಲೈ ತಿಂಗಳ ತೇವಕ್ಕೆ ಸೆಲ್ ಸೋರಿ ಒಳಗೆ ಹಸಿರು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಭ್ಯಾಸಕ್ಕೆ ತೆಗೆದಾಗ ಹಾಕಿ, ಮುಗಿದ ಮೇಲೆ ತೆಗೆಯಿರಿ. ಹೊರಡುವ ಮುಂಚೆ ಹೊಸ ಸೆಲ್ ಹಾಕಿ. ಬೆಟ್ಟದಲ್ಲಿ ಪ್ರತಿದಿನ ಬೆಳಿಗ್ಗೆ ಒಬ್ಬೊಬ್ಬರ ಬೀಕನ್ ಸಿಗ್ನಲ್ ಕಳಿಸುತ್ತಿದೆಯೇ, ಹಿಡಿಯುತ್ತಿದೆಯೇ ಎಂದು ಎರಡೂ ನೋಡಿ. ಮೊಬೈಲ್ ಅದರ ಹತ್ತಿರ ಇಡಬೇಡಿ. ಹುಡುಕುವಾಗ ಅರ್ಧ ಮೀಟರ್ ದೂರವಾದರೂ ಇರಲಿ.