ಒಂದು ಪಿನ್ನಿಗೆ ಒಂದೇ ಒಡೆತನ: ಹಳೆಯ ಡ್ರೈವರನ್ನು ಪಿನ್‌ಕಂಟ್ರೋಲ್‌ಗೆ ತಂದ ಬಗೆ

ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ಒಂದು ಉಪನಾಲೆಯಲ್ಲಿ ನೀರಿನ ಮಟ್ಟ ದಾಖಲಿಸುವ ಉಪಕರಣವೊಂದರ ತಂತ್ರಾಂಶವನ್ನು ಸರಿಪಡಿಸುವ ಕೆಲಸ ಮೈಸೂರಿನಲ್ಲಿ ನನ್ನ ಪಾಲಿಗೆ ಬಂದಿತು. ಒಳಗಿರುವುದು ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಪುಟ್ಟ ಲಿನಕ್ಸ್ ಕಂಪ್ಯೂಟರ್ ಬೋರ್ಡು. ಸೆನ್ಸರ್ ಆರ್‌ಎಸ್-485 ಎಂಬ ಸೀರಿಯಲ್ ತಂತಿಯ ಮೂಲಕ ಪ್ರೊಸೆಸರಿನ ಸೀರಿಯಲ್ ದ್ವಾರವಾದ ಯುಎಆರ್‌ಟಿ-2ಕ್ಕೆ ಸೇರುತ್ತಿತ್ತು. ದಾಖಲೆ ಉಳಿಸಲು ಎಸ್‌ಪಿಐ ಎಂಬ ಬೇರೊಂದು ಸಂಪರ್ಕದ ಫ್ಲ್ಯಾಶ್ ಚಿಪ್ ಸೇರಿಸಿದ ಮೇಲೆ ಸೆನ್ಸರಿನ ಅಳತೆ ಕೆಲವು ಸಲ ಬರುತ್ತಿತ್ತು, ಕೆಲವು ಸಲ ಬರುತ್ತಿರಲಿಲ್ಲ; ಲಿನಕ್ಸಿನ ತಿರುಳಾದ ಕರ್ನಲ್‌ನ ಲಾಗ್‌ನಲ್ಲಿ ಅದರ ಸುಳಿವೇ ಇರಲಿಲ್ಲ. ನೀರುಗಂಟಿಗಳು ಆ ಅಂಕಿಯನ್ನು ನಂಬಿ ತೂಬು ಎತ್ತುವ ಕಡೆ ಇಂತಹ ಅನಿಶ್ಚಿತತೆ ಸಲ್ಲದು.

ಈ ಬೋರ್ಡಿನ ಎಎಂ3358 ಪ್ರೊಸೆಸರಿನಲ್ಲಿ ಒಂದು ಪಿನ್ನಿಗೆ ಎಂಟರವರೆಗೆ ಕೆಲಸಗಳಿರುತ್ತವೆ; ಯಾವ ಕೆಲಸವೆಂದು ಆರಿಸುವುದು 'ಮೋಡ್' ಸಂಖ್ಯೆ. ಪಿ9 ಹೆಡರಿನ 21 ಮತ್ತು 22ನೇ ಪಿನ್ನುಗಳು ಮೋಡ್ 0ರಲ್ಲಿ ಎಸ್‌ಪಿಐ-0ಕ್ಕೂ ಮೋಡ್ 1ರಲ್ಲಿ ಯುಎಆರ್‌ಟಿ-2ಕ್ಕೂ ಸೇರುತ್ತವೆ. ಹಿಂದಿನವರು ಬರೆದ ಸೆನ್ಸರಿನ ಡ್ರೈವರ್, ಪಿನ್ನಿನ ಮೋಡ್ ಇರುವ ಪ್ಯಾಡ್ ರಿಜಿಸ್ಟರಿಗೆ ನೇರವಾಗಿ ಬೆಲೆ ಬರೆಯುತ್ತಿತ್ತು. ಎಸ್‌ಪಿಐ ಡ್ರೈವರ್ ಕ್ರಮಬದ್ಧವಾಗಿ, ಪಿನ್ನುಗಳನ್ನು ಹಂಚುವ ಕರ್ನಲ್‌ನ ಪಿನ್‌ಕಂಟ್ರೋಲ್ ವ್ಯವಸ್ಥೆಯಲ್ಲಿ ಪಿನ್ ಕೇಳುತ್ತಿತ್ತು. ಯಾವುದು ಕೊನೆಗೆ ಲೋಡ್ ಆಯಿತೋ ಪಿನ್ನು ಅದರ ವಶ. ನೇರ ಬರವಣಿಗೆಯ ಲೆಕ್ಕ ಪಿನ್‌ಕಂಟ್ರೋಲ್‌ಗೆ ಸಿಗದಿರುವುದರಿಂದ ಅದು ಯಾರನ್ನೂ ತಡೆಯಲಾರದು.

ಮೊದಲು ಆ ನೇರ ಬರವಣಿಗೆಯನ್ನೆಲ್ಲ ತೆಗೆದು, ಪಿನ್ನುಗಳ ವಿವರವನ್ನು ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಯಂತ್ರಾಂಶವನ್ನು ಕರ್ನಲ್‌ಗೆ ವಿವರಿಸುವ ಕಡತ) ಸೀರಿಯಲ್ ಸಾಧನದ 'ಡಿಫಾಲ್ಟ್' ಸ್ಥಿತಿಯಾಗಿ ಬರೆದೆ. 2013ರಿಂದ ಲಿನಕ್ಸ್ ಕರ್ನಲ್ ಡ್ರೈವರಿನ ಪ್ರೋಬ್ (ಸಾಧನವನ್ನು ಚಾಲೂ ಮಾಡುವ ಭಾಗ) ಕರೆಯುವ ಮೊದಲೇ ಈ ಸ್ಥಿತಿಯನ್ನು ತಾನೇ ಜಾರಿಗೆ ತರುತ್ತದೆ. ಆದ್ದರಿಂದ ಸಾಮಾನ್ಯ ಡ್ರೈವರಿನಲ್ಲಿ ಪಿನ್ನಿನ ಬಗ್ಗೆ ಒಂದು ಸಾಲೂ ಬೇಕಿಲ್ಲ. ಮರುಬೂಟ್ ಮಾಡಿದೊಡನೆ, ಪಿನ್ 84 ಈಗಾಗಲೇ 48024000 ವಿಳಾಸದ ಸೀರಿಯಲ್ ಸಾಧನದ ಪಾಲಾಗಿದೆ, 48030000ರ ಎಸ್‌ಪಿಐಗೆ ಕೊಡಲಾಗದು ಎಂಬರ್ಥದ ಸಾಲು ಲಾಗ್‌ನಲ್ಲಿ ಬಂದು ಎಸ್‌ಪಿಐ ಪ್ರೋಬ್ ನಿಂತಿತು. ನನಗೆ ಬೇಕಿದ್ದುದು ಇದೇ: ಘರ್ಷಣೆ ನಾಲೆಯ ದಂಡೆಯ ಮೇಲಲ್ಲ, ಮೇಜಿನ ಮೇಲೆಯೇ ಬೂಟ್ ಆಗುವಾಗ ಬಾಯಿಬಿಡಬೇಕು.

ಸೀರಿಯಲ್ ತಂತಿಯನ್ನು ಯುಎಆರ್‌ಟಿ-4ಕ್ಕೆ, ಅಂದರೆ ಪಿ9ರ 11 ಮತ್ತು 13ಕ್ಕೆ, ಬದಲಿಸಿದೆ. ಇಲ್ಲಿ ಮೋಡ್ ಸಂಖ್ಯೆಯೊಂದನ್ನೇ ಸರಿಯಾಗಿ ಬರೆದರೆ ಸಾಲದು. ಯುಎಆರ್‌ಟಿಯನ್ನು ಆರ್‌ಎಸ್-485 ತಂತಿಗೆ ಜೋಡಿಸುವ ಮ್ಯಾಕ್ಸ್3485 ಚಿಪ್ಪಿನ ರಿಸೀವರ್ ಮತ್ತು ಡ್ರೈವರ್ ನಿಯಂತ್ರಣ ಕಾಲುಗಳನ್ನು ಒಟ್ಟಿಗೆ ಕಟ್ಟಿದಾಗ, ನಾವು ಕಳಿಸುವಷ್ಟು ಹೊತ್ತು ಅದರ ರಿಸೀವ್ ಹೊರದಾರಿ ಯಾವ ಮಟ್ಟಕ್ಕೂ ಅಂಟದೆ ತೇಲುತ್ತದೆ, ಯುಎಆರ್‌ಟಿ ಆ ಗದ್ದಲವನ್ನೇ ಅಕ್ಷರಗಳೆಂದು ಓದಬಹುದು. ಆದ್ದರಿಂದ ಒಳಬರುವ 11ನೇ ಪಿನ್ನಿಗೆ ಹೆಕ್ಸ್ 36 ಕೊಟ್ಟೆ: ಮೋಡ್ 6, ಅದರ ಮೇಲೆ ಪಿನ್ನು ತೇಲದಂತೆ ಮೇಲಿನ ಮಟ್ಟಕ್ಕೆ ಎಳೆಯುವ ಪುಲ್-ಅಪ್‌ಗೆ ಹೆಕ್ಸ್ 10, ಇನ್‌ಪುಟ್ ತೆರೆಯಲು ಹೆಕ್ಸ್ 20. ಈ ಕೊನೆಯ ಬಿಟ್ ಇಲ್ಲದಿದ್ದರೆ ಮೋಡ್ ಸರಿಯಿದ್ದರೂ ಒಂದು ಬೈಟ್ ಕೂಡ ಒಳಗೆ ಬಾರದು.

ಆ ಚಿಪ್ಪನ್ನು ಕಳಿಸುವ, ಪಡೆಯುವ ದಿಕ್ಕುಗಳ ನಡುವೆ ಬದಲಿಸುವ ಪಿನ್ನಿನ ವಿಷಯ ಸೂಕ್ಷ್ಮ. ಪಿ9ರ 12ನ್ನು ಸೀರಿಯಲ್ ಗುಂಪಿನಲ್ಲೇ ಮೋಡ್ 7 ಎಂದು ಬರೆದು, ಅದೇ ಪಿನ್ನನ್ನು ಜಿಪಿಐಒ (ತಂತ್ರಾಂಶವೇ ಏರಿಸಿ ಇಳಿಸುವ ಸಾಮಾನ್ಯ ಪಿನ್) ಆಗಿಯೂ ಕೇಳಿದ್ದೇನೆ. ಪಿನ್‌ಕಂಟ್ರೋಲ್ ಪ್ರತಿ ಪಿನ್ನಿಗೂ ಮಕ್ಸ್ (ಮೋಡ್ ಆಯ್ಕೆಯ) ಒಡೆಯ ಮತ್ತು ಜಿಪಿಐಒ ಒಡೆಯ ಎಂಬ ಎರಡು ಲೆಕ್ಕ ಇಡುವುದರಿಂದ ಈ ಬೋರ್ಡಿನ ಪಿನ್‌ಕಂಟ್ರೋಲ್-ಸಿಂಗಲ್ ಡ್ರೈವರ್ ಇದನ್ನು ಒಪ್ಪುತ್ತದೆ. ಡೀಬಗ್ ಫೈಲ್ ಸಿಸ್ಟಮ್ಮಿನ ಪಿನ್‌ಮಕ್ಸ್-ಪಿನ್ಸ್ ಕಡತದಲ್ಲಿ ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ ಕಾಣುತ್ತದೆ. 'ಸ್ಟ್ರಿಕ್ಟ್' ಎಂದು ಗುರುತಿಸಿಕೊಂಡ ಕಂಟ್ರೋಲರುಗಳಲ್ಲಿ ಇದೇ ಬರವಣಿಗೆಗೆ ಜಿಪಿಐಒ ಕೋರಿಕೆ ತಿರಸ್ಕೃತವಾಗುತ್ತದೆ. ಅಂತಹ ಚಿಪ್ಪಿಗೆ ಹೋಗುವವರು ದಿಕ್ಕಿನ ಪಿನ್ನನ್ನು ಸೀರಿಯಲ್ ಗುಂಪಿನಿಂದ ತೆಗೆದು ಜಿಪಿಐಒಗೆ ಮಾತ್ರ ಬಿಡಬೇಕು. ಕಟ್ಟುನಿಟ್ಟಿನ ಆ ಪದ್ಧತಿಯೇ ಉತ್ತಮವೆಂದು ನಾನು ಭಾವಿಸುತ್ತೇನೆ.

ಕರ್ನಲ್ ಏಳುವ ಮೊದಲಿನ ಕೆಲವು ಕ್ಷಣಗಳಿಗೆ ಮಾತ್ರ ಡಿವೈಸ್ ಟ್ರೀಯ ಈ ಸಾಲುಗಳು ತಾಗುವುದಿಲ್ಲ. ಆಗ ದಿಕ್ಕಿನ ಪಿನ್ನು ಮೇಲೆದ್ದರೆ ತಂತಿಯ ಮೇಲಿನ ಇತರ ಸೆನ್ಸರುಗಳ ಮಾತೂ ಕಟ್ಟಿಹೋಗುತ್ತದೆ. ಅದಕ್ಕಾಗಿ ಬೋರ್ಡಿನಲ್ಲೇ ಆ ಕಾಲಿನಿಂದ ಗ್ರೌಂಡಿಗೆ 4.7 ಕಿಲೋಓಮ್ ರೆಸಿಸ್ಟರ್ ಬೆಸುಗೆ ಹಾಕಿದೆ.