ಮಧ್ಯಾಹ್ನದ ಊಟ ನಿಲ್ಲಿಸಿ ಹೋಟೆಲು ಉಳಿಸಿಕೊಂಡದ್ದು: ಕಾಸರಗೋಡು ಪೇಟೆಯ ನನ್ನ ಅನುಭವ

ಸಸ್ಯಾಹಾರಿ ಹೋಟೆಲಿನಲ್ಲಿ ಮಧ್ಯಾಹ್ನ ಊಟ ಇಲ್ಲದಿದ್ದರೆ ಬಾಗಿಲು ಹಾಕಿದ ಹಾಗೆಯೇ ಎಂಬುದು ಕಾಸರಗೋಡಿನಲ್ಲಿ ಈ ಕಸುಬಿನವರೆಲ್ಲರ ಮಾತು. ಅಕ್ಕಿ ಹಾಕುವ ಅಂಗಡಿಯವರೂ ಅದನ್ನೇ ಹೇಳಿದರು, ಕಟ್ಟಡದ ಧನಿಗಳೂ ಅದನ್ನೇ ಹೇಳಿದರು. "ಭಟ್ರೇ, ಒಂದೋ ಕುಳಿಮಂದಿಯವರಿಗೆ (ಅರಬ್ ಶೈಲಿಯ ಮಾಂಸದ ಅನ್ನ ಮಾಡುವವರಿಗೆ) ಬಿಟ್ಟುಕೊಡಿ, ಇಲ್ಲದಿದ್ದರೆ ಎ.ಸಿ. ಹಾಕಿ ನಾರ್ತ್ ಇಂಡಿಯನ್ ಶುರು ಮಾಡಿ" ಎಂಬ ಸಲಹೆ ಧಾರಾಳ ಸಿಕ್ಕಿತು. ಎರಡೂ ಮಾಡಲಿಲ್ಲ. ಊಟ ತೆಗೆದೆ. ಬೋರ್ಡಿನಲ್ಲಿದ್ದ ಮೂವತ್ತು ಚಿಲ್ಲರೆ ಐಟಮ್ಮಿನಲ್ಲಿ ಏಳನ್ನು ಇಟ್ಟುಕೊಂಡೆ. ಬೆಳಿಗ್ಗೆ ಆರೂವರೆಯಿಂದ ಹತ್ತೂವರೆ, ಸಂಜೆ ಮೂರೂವರೆಯಿಂದ ಏಳು. ನಡುವೆ ಶಟರ್ ಕೆಳಗೆ. ಈಗ ಸಲಹೆ ಕೊಟ್ಟವರೇ ಗೋಳಿಬಜೆಗೆ ಸಾಲಿನಲ್ಲಿ ನಿಲ್ಲುತ್ತಾರೆ, ಆದ್ದರಿಂದ ಬರೆಯಬಹುದು ಅನ್ನಿಸಿತು.

ಪೇಟೆಯ ಬದಲಾವಣೆ ಗಲ್ಲಾಪೆಟ್ಟಿಗೆಯಲ್ಲಿ ಗಂಟೆಯ ಲೆಕ್ಕದಲ್ಲಿ ಕಾಣುತ್ತದೆ. ಹೆದ್ದಾರಿ 66 ಆರು ಲೇನ್ ಆಗುವ ಕೆಲಸ ನಡೆದಷ್ಟು ಕಾಲ ಹೊಸ ಬಸ್‌ಸ್ಟ್ಯಾಂಡ್ ಕಡೆ ಗಾಡಿ ನಿಲ್ಲಿಸಲು ಜಾಗವೇ ಇರಲಿಲ್ಲ, ಧೂಳು ಬೇರೆ. ಈಗ ಮಂಗಳೂರು–ಕಣ್ಣೂರು ನಡುವಿನ ಗಾಡಿಗಳು ಮೇಲ್ಸೇತುವೆಯಲ್ಲೇ ಹೋಗುತ್ತವೆ, ಪೇಟೆಗೆ ಇಳಿಯುವುದಿಲ್ಲ. ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯವರು ಮೊದಲು ಬಟ್ಟೆಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಬಂದರೆ ಉಂಡೇ ಬಸ್ಸು ಹತ್ತುತ್ತಿದ್ದರು. ಈಗ ಅವರ ಊರಲ್ಲೇ ಎಲ್ಲ ಸಿಗುತ್ತದೆ, ದೊಡ್ಡ ಆಸ್ಪತ್ರೆಗೆ ನೇರ ಮಂಗಳೂರು. ಕಲೆಕ್ಟರೇಟು, ಕೋರ್ಟು ಪೇಟೆಯಿಂದಾಚೆ ವಿದ್ಯಾನಗರದಲ್ಲಿ. ಹೀಗೆ ಪೇಟೆಯೊಳಗೆ ಮಧ್ಯಾಹ್ನ ಉಳಿದವರು ಅಂಗಡಿಯ ಕೆಲಸದವರು ಮಾತ್ರ, ಅವರಲ್ಲಿ ಅರ್ಧಕ್ಕರ್ಧ ಜನ ಬುತ್ತಿ ತರುತ್ತಾರೆ. ಕೇರಳದ ಮಹಿಳಾ ಸ್ವಸಹಾಯ ಗುಂಪುಗಳಾದ ಕುಟುಂಬಶ್ರೀಯವರ ಜನಕೀಯ ಹೋಟೆಲುಗಳು 2020ರ ನಂತರ 20 ರೂಪಾಯಿಗೆ ಊಟ ಕೊಟ್ಟವು. ಆ ದರದ ಎದುರು ಯಾರೂ ನಿಲ್ಲಲಾರರು. ಇನ್ನು ರಾತ್ರಿ ಏಳರ ಮೇಲೆ ಪೇಟೆ ಅಲ್‌ಫಾಮ್ (ಸುಟ್ಟ ಕೋಳಿ), ಶವರ್ಮ, ಅವಲಕ್ಕಿ–ಹಾಲಿನ ಅವಿಲ್ ಮಿಲ್ಕಿನವರದ್ದು. ಅದರಲ್ಲಿ ಸ್ಪರ್ಧೆಗೆ ಇಳಿಯುವುದು ವ್ಯರ್ಥ ಖರ್ಚು.

ಊಟದ ಲೆಕ್ಕ ಹೀಗೆ. ದರ 70 ಇಟ್ಟಿದ್ದೆ. ಕುಚ್ಚಿಲು ಅನ್ನ, ಸಾಂಬಾರು, ಸಾರು, ಎರಡು ಪದಾರ್ಥ, ಮಜ್ಜಿಗೆ, ಹಪ್ಪಳ, ಎರಡನೇ ಸಲದ ಅನ್ನ ಎಲ್ಲ ಸೇರಿ ಸಾಮಾನಿಗೇ 40ರ ಹತ್ತಿರ. ಮಧ್ಯಾಹ್ನದ ಪಾಲಿನ ಸಂಬಳ ಸುಮಾರು 2,000. ದಿನಕ್ಕೆ 140 ಊಟ ಹೋಗುತ್ತಿದ್ದಾಗ ಎರಡು ಸಾವಿರದ ಮೇಲೆ ಕೈಯಲ್ಲಿ ನಿಲ್ಲುತ್ತಿತ್ತು. ಸಂಖ್ಯೆ 60ಕ್ಕೆ ಇಳಿದಾಗ ನಷ್ಟ ಬರುವುದು ಬರೇ ಗಿರಾಕಿ ಕಡಿಮೆಯಾದದ್ದರಿಂದ ಅಲ್ಲ. 60 ಬರುವುದೋ 90 ಬರುವುದೋ ಗೊತ್ತಿಲ್ಲದೆ 90ಕ್ಕೇ ಬೇಯಿಸಬೇಕಾಗುತ್ತದೆ, ಪೆಟ್ಟು ಬೀಳುವುದು ಅಲ್ಲಿ. 4,200 ಬಂದರೆ ಸಾಮಾನಿಗೆ 3,500 ಹೋಗಿರುತ್ತದೆ, ಸಂಬಳ ಬೇರೆ. ದಿನಕ್ಕೆ 1,200–1,300 ಬೆಳಗ್ಗಿನ ಲಾಭದಿಂದ ತೆಗೆದು ಮಧ್ಯಾಹ್ನಕ್ಕೆ ಸುರಿದ ಹಾಗೆ. ತಿಂಡಿಯಲ್ಲಿ ಈ ತಾಪತ್ರಯ ಇಲ್ಲ: ಹಿಟ್ಟು ಇದ್ದರೆ ಹೊಯ್ಯುವುದು, ಜನ ಇಲ್ಲದಿದ್ದರೆ ಹಿಟ್ಟು ಫ್ರಿಜ್ಜಿನಲ್ಲಿ.

ಇಟ್ಟುಕೊಂಡ ಏಳು: ನೀರುದೋಸೆ, ಇಡ್ಲಿ, ಸಜ್ಜಿಗೆ–ಬಜಿಲು (ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ), ಬನ್ಸ್ (ಬಾಳೆಹಣ್ಣಿನ ಪೂರಿ), ಗೋಳಿಬಜೆ, ಅಂಬಡೆ (ಬೇಳೆಯ ವಡೆ), ವಾರಕ್ಕೆ ಎರಡು ದಿನ ಕೊಟ್ಟೆ ಕಡುಬು. ಮಸಾಲೆ ದೋಸೆ ತೆಗೆದದ್ದಕ್ಕೆ ಬೈಗುಳ ಸಿಕ್ಕಿತು. ಅದು ಎಲ್ಲ ಕಡೆ ಸಿಗುತ್ತದೆ, ನೀರುದೋಸೆ ಬಿಸಿಬಿಸಿ ಸಿಗುವುದಿಲ್ಲ.

ಮನೆಯಲ್ಲಿ ನೀರುದೋಸೆ ಹೊಯ್ಯಲು ಎಲ್ಲರಿಗೂ ಬರುತ್ತದೆ. ನಾಲ್ಕು ಗಂಟೆಯಲ್ಲಿ 270 ಹೊಯ್ಯುವುದು ಬೇರೆ ಕೆಲಸ. ಒಂದು ಕಾವಲಿಯಲ್ಲಿ ಒಂದು ದೋಸೆಗೆ ಒಂದೂಕಾಲು, ಒಂದೂವರೆ ನಿಮಿಷ ಬೇಕು. ಒಬ್ಬನೇ ಮೂರು ಕಾವಲಿ ನೋಡಿಕೊಂಡರೆ ಗಂಟೆಗೆ 110–115 ಇಳಿಯುತ್ತದೆ. ನಾಲ್ಕನೆಯ ಕಾವಲಿ ಇಟ್ಟು ನೋಡಿದೆ, ಒಂದನೆಯದು ಕರಟಿತು. ನಾನ್‌ಸ್ಟಿಕ್ ತರಲೇ ಬೇಡಿ, ಹೋಟೆಲಿನ ಉರಿಗೆ ಎರಡು ತಿಂಗಳಲ್ಲಿ ಲೇಪ ಏಳುತ್ತದೆ. ಬೀಡಿನ ಕಾವಲಿ, ಅರ್ಧ ಈರುಳ್ಳಿಯಲ್ಲಿ ತೆಂಗಿನೆಣ್ಣೆ ಮುಟ್ಟಿಸಿ ಐದು ದೋಸೆಗೊಮ್ಮೆ ಒರೆಸಿದರೆ ಸಾಕು.

ನೀರುದೋಸೆಗೆ ಬೆಳ್ತಿಗೆ ಅಕ್ಕಿ (ಕುಚ್ಚದ ಬಿಳಿ ಅಕ್ಕಿ) ಹಳೆಯದಾಗಿರಬೇಕು. ಹೊಸ ಅಕ್ಕಿಯ ದೋಸೆ ಮಡಚಿದಲ್ಲೇ ಅಂಟಿಕೊಂಡು ಮುದ್ದೆಯಾಗುತ್ತದೆ, ಪಾರ್ಸೆಲಿನಲ್ಲಂತೂ ಬಿಡಿಸಲಿಕ್ಕೇ ಆಗುವುದಿಲ್ಲ. ಗೋಣಿ ಬದಲಾದಾಗಲೆಲ್ಲ ಕಾಲು ಕಿಲೋ ಅರೆದು ಪರೀಕ್ಷೆ ಮಾಡಿಯೇ ದುಡ್ಡು ಕೊಡುವುದು. ನೆನೆಯಲು ನಾಲ್ಕು ಗಂಟೆ. ಕಿಲೋ ಅಕ್ಕಿಗೆ ಅರ್ಧ ತೆಂಗಿನಕಾಯಿ. ನಾಲ್ಕು ಕಿಲೋದ ಒಬ್ಬೆಗೆ ಟಿಲ್ಟಿಂಗ್ ಗ್ರೈಂಡರಿನಲ್ಲಿ ಅರ್ಧ ಗಂಟೆ, ಬೆರಳ ನಡುವೆ ಉಜ್ಜಿದರೆ ತರಿ ಸಿಗಬಾರದು. ತರಿ ಉಳಿದ ಹಿಟ್ಟು ಪಾತ್ರೆಯ ತಳ ಸೇರುತ್ತದೆ: ಮೊದಲ ದೋಸೆಗಳು ಹರಿಯುತ್ತವೆ, ಕಡೆಯವು ದಪ್ಪ. ತರಿ ಇಲ್ಲದಿದ್ದರೂ ಪ್ರತಿ ಸೌಟಿಗೆ ಮೊದಲು ಕಲಕಲೇಬೇಕು. ಉಪ್ಪು ಕಾವಲಿಯ ಹತ್ತಿರ ತಂದ ಪಾತ್ರೆಗೆ ಮಾತ್ರ. ಏಪ್ರಿಲ್–ಮೇಯಲ್ಲಿ ಒಟ್ಟಿಗೆ ಅರೆದರೆ ಎಂಟೂವರೆಗೇ ಹುಳಿ ಬರುತ್ತದೆ, ಹಾಗಾಗಿ ಎರಡು ಒಬ್ಬೆ, ಎರಡನೆಯದಕ್ಕೆ ಮಂಜುಗಡ್ಡೆಯ ನೀರು. ಪೇಟೆಗೆ ನೀರು ಕೊಡುವ ಬಾವಿಕೆರೆಯಲ್ಲಿ ಸಮುದ್ರದ ಉಪ್ಪುನೀರು ತಡೆಯುವ ಅಣೆಕಟ್ಟು ಆಗುವ ಮೊದಲು ಬೇಸಿಗೆಯಲ್ಲಿ ಪೇಟೆಯ ನಳ್ಳಿಯಲ್ಲಿ ಬರುತ್ತಿದ್ದದ್ದೇ ಉಪ್ಪುನೀರು, ಆಗಿನ ಹೋಟೆಲಿನವರು ಹಿಟ್ಟಿಗೆ ಉಪ್ಪು ಎಷ್ಟು ಹಾಕುವುದೆಂದು ನೀರಿನ ರುಚಿ ನೋಡಿ ನಿರ್ಧರಿಸುತ್ತಿದ್ದರು.

ಹೊಯ್ದ ಕೂಡಲೇ ಚುರ್ ಎಂದು ಕಣ್ಣು ಬೀಳಬೇಕು. ಬೀಳದಿದ್ದರೆ ಕಾವಲಿ ತಣಿದಿದೆ, ಹಿಟ್ಟು ಅಂಚಿಗೆ ಜಾರಿ ಒಟ್ಟಾದರೆ ಕಾವು ಹೆಚ್ಚು. ತೆಗೆದದ್ದನ್ನು ಒಂದರ ಮೇಲೊಂದು ಹಾಕದೆ ಬಟ್ಟೆಯ ಮೇಲೆ ಹರಡಿ, ಉಗಿ ಹೋದ ಮೇಲೆ ಮಡಚುವುದು. ಮೂರಕ್ಕೆ 40 ರೂಪಾಯಿ. ಕಿಲೋ ಅಕ್ಕಿಯಲ್ಲಿ 36 ದೋಸೆ, ಅಂದರೆ 12 ಪ್ಲೇಟು, 480 ರೂಪಾಯಿ. ಅಕ್ಕಿ, ಕಾಯಿ, ಗ್ಯಾಸು ಸೇರಿ 80 ಹೋಗಬಹುದು. ದುಡ್ಡು ತಿನ್ನುವುದು ಚಟ್ನಿ, ಕಾಯಿಯ ದರ ಏರಿದ ಮೇಲೆ ಇನ್ನೂ ಹೆಚ್ಚು. ಅದಕ್ಕೆ ಎರಡನೇ ಸಲದ ಚಟ್ನಿ ನಿಲ್ಲಿಸದೆ, 20 ರೂಪಾಯಿಗೆ ಕಡಲೆ ಪದಾರ್ಥ ಇಟ್ಟೆ. ಪುಟ್ಟು–ಕಡಲ ತಿಂದು ಬೆಳೆದ ಮಲಯಾಳಿ ಗಿರಾಕಿಗಳು ಅದನ್ನೇ ಕೇಳುತ್ತಾರೆ, ಚಟ್ನಿ ತಾನಾಗಿ ಉಳಿಯುತ್ತದೆ.

ಸಂಜೆಯ ಹೋಟೆಲು ನಿಂತದ್ದು ಗೋಳಿಬಜೆಯ ಮೇಲೆ. ಕಿಲೋ ಮೈದಾಕ್ಕೆ ಮುಕ್ಕಾಲು ಲೀಟರ್ ಹುಳಿ ಮೊಸರು, ನೂರು ಗ್ರಾಂ ಅಕ್ಕಿಹಿಟ್ಟು, ದೊಡ್ಡ ಚಮಚ ಸಕ್ಕರೆ, ಇಪ್ಪತ್ತು ಗ್ರಾಂ ಉಪ್ಪು, ಶುಂಠಿ, ಹಸಿಮೆಣಸು, ಕರಿಬೇವು, ಕಾಯಿಯ ಚೂರು. ಪ್ಯಾಕೆಟ್ ಮೊಸರು ಹುಳಿಯೇ ಇರುವುದಿಲ್ಲ, ಒಂದು ರಾತ್ರಿ ಹೊರಗಿಡಬೇಕು, ಮಳೆಗಾಲದಲ್ಲಿ ಎರಡು. ಹುಳಿಗೆಂದು ನಿಂಬೆ ಹಿಂಡಿದರೆ ಬಾಯಿಗೆ ಹುಳಿ ಸಿಗುತ್ತದೆ, ಆದರೆ ಹಿಟ್ಟು ಎಳೆ ಬರುವುದಿಲ್ಲ. ಕೈಯಲ್ಲಿ ಒಂದೇ ದಿಕ್ಕಿಗೆ ಬಡಿದು ಎಳೆ ಬಂದ ಮೇಲೆ ಎರಡು–ಮೂರು ಗಂಟೆ ಇಡುವುದು. ಸೋಡಾ ಮಾತ್ರ ಬಾಣಲೆಗೆ ಬಿಡುವ ಹತ್ತು ನಿಮಿಷ ಮುಂಚೆ, ಚಹಾ ಚಮಚ ಒಂದು. ಮೊದಲೇ ಹಾಕಿದರೆ ಮೊದಲ ಬಾಣಲೆ ಚೆನ್ನಾಗಿ ಉಬ್ಬುತ್ತದೆ, ಮೂರನೆಯದು ಕಲ್ಲು. ಎಣ್ಣೆ ಅತಿಯಾಗಿ ಕಾದರೆ ಹೊರಗೆ ಕೆಂಪು ಒಳಗೆ ಹಿಟ್ಟು, ಕಾವು ಸಾಲದಿದ್ದರೆ ಎಣ್ಣೆ ಕುಡಿಯುತ್ತದೆ. ಬಿಟ್ಟ ಉಂಡೆ ತಳಕ್ಕೆ ಹೋಗಿ ಎರಡು ಎಣಿಸುವಷ್ಟರಲ್ಲಿ ಮೇಲೆ ಬಂದರೆ ಸರಿ. ಕಿಲೋ ಮೈದಾಕ್ಕೆ 95ರ ಹತ್ತಿರ ಆಗುತ್ತದೆ, ಐದಕ್ಕೆ 30ರಂತೆ 570. ಖರ್ಚು 150.

2025ರ ಮಳೆಗಾಲದಲ್ಲಿ ತೆಂಗಿನೆಣ್ಣೆ ಕಿಲೋಗೆ 400 ದಾಟಿತಲ್ಲ, ಆಗ ಈ ಖರ್ಚಿನ ಲೆಕ್ಕ ಪೂರ್ತಿ ಬುಡಮೇಲಾಯಿತು. ಅರ್ಧ ತೆಂಗಿನೆಣ್ಣೆ, ಅರ್ಧ ಪಾಮೋಲಿನ್ ಬೆರೆಸಿದಾಗ ನೊರೆ ಎದ್ದು ಬಾಣಲೆಯಿಂದ ಒಲೆಗೆ ಚೆಲ್ಲಿತು. ತೆಂಗಿನೆಣ್ಣೆಯ ಜಾತಿಯೇ ಹಾಗೆ, ಬೇರೆ ಎಣ್ಣೆ ಸೇರಿ ಕಾದರೆ ನೊರೆಗಟ್ಟುತ್ತದೆ, ಹಿಟ್ಟಿನ ತೇವ ಸೇರಿದರೆ ಕೇಳುವುದೇ ಬೇಡ. ಪ್ರಮಾಣ ಬದಲಿಸಿ ನೋಡಿದರೂ ಅದೇ ಕತೆ. ಈಗ ಕರಿಯುವುದು ಬರೇ ಪಾಮೋಲಿನ್. ಹಾಗಾದರೆ ತೆಂಗಿನೆಣ್ಣೆಯ ಪರಿಮಳ ಎಲ್ಲಿಂದ ಎಂದು ಪಕ್ಕದ ಹೋಟೆಲಿನವರೂ ಕೇಳಿದ್ದುಂಟು. ಎಸೆನ್ಸ್ ಅಲ್ಲ, ಅಷ್ಟೇ ಹೇಳಬಲ್ಲೆ. ಉಳಿದದ್ದು ಇಲ್ಲಿ ಬರೆಯುವುದಿಲ್ಲ. ಕರಿದ ಎಣ್ಣೆ ಎರಡನೇ ದಿನ ಮುಗಿದ ಮೇಲೆ ಬಯೋಡೀಸೆಲಿನವರಿಗೆ, ಕಿಲೋಗೆ ನಲವತ್ತರ ಮೇಲೆ ಸಿಗುತ್ತದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕೆಟ್ಟಂತೆ ಹೆಚ್ಚುವ ಪೋಲಾರ್ ಅಂಶ ಶೇಕಡಾ 25 ದಾಟಬಾರದೆಂಬ ನಿಯಮ 2018ರಿಂದ ಉಂಟು. ಮೈದಾದ ಪುಡಿ ತಳದಲ್ಲಿ ಕರಟುವುದರಿಂದ ಗೋಳಿಬಜೆಯ ಎಣ್ಣೆ ಅಂಬಡೆಯದ್ದಕ್ಕಿಂತ ಬೇಗ ಕೆಡುತ್ತದೆ. ಪ್ರತಿ ಬಾಣಲೆಯ ನಂತರ ಸಣ್ಣ ಜರಡಿಯಲ್ಲಿ ಪುಡಿ ತೆಗೆದರೆ ಅರ್ಧ ದಿನ ಹೆಚ್ಚು ಬಾಳುತ್ತದೆ.

ಕೊಟ್ಟೆ ಕಡುಬಿನಲ್ಲಿ ತಲೆನೋವು ಹಿಟ್ಟಲ್ಲ, ಎಲೆ. ಕೊಟ್ಟೆ ಎಂದರೆ ನಾಲ್ಕು ಹಲಸಿನೆಲೆಯನ್ನು ಹಿಡಿಸೂಡಿಯ (ತೆಂಗಿನ ಪೊರಕೆಯ) ಕಡ್ಡಿಯಿಂದ ಸೇರಿಸಿ ಕಟ್ಟಿದ ದೊನ್ನೆ. ಎಳೆಯ ಎಲೆ ಉಗಿಯಲ್ಲಿ ಮೆತ್ತಗಾಗಿ ಸೋರುತ್ತದೆ, ತೀರಾ ಬಲಿತದ್ದು ಮಡಚುವಲ್ಲೇ ಸೀಳುತ್ತದೆ. ಕಿತ್ತು ಅರ್ಧ ದಿನ ಬಾಡಿದ ಎಲೆ ಸರಿ. ಕಟ್ಟಿದ ಕೊಟ್ಟೆ ಬದಿಯಡ್ಕ ಕಡೆಯಿಂದ ಆರೇಳು ರೂಪಾಯಿಗೆ ಬರುತ್ತದೆ, ಮುಕ್ಕಾಲು ಮಾತ್ರ ತುಂಬಿ ನಲವತ್ತು ನಿಮಿಷ ಬೇಯಿಸಿ 25ಕ್ಕೆ ಕೊಡುವುದು. ಮುಂಡೇವಿನ (ಕೇದಗೆ ಜಾತಿಯ ಮುಳ್ಳಿನ ಎಲೆಯ) ಮೂಡೆಯನ್ನೂ ಮಾಡಿ ನೋಡಿದೆ. ಪರಿಮಳಕ್ಕೆ ಸಾಟಿ ಇಲ್ಲ, ಆದರೆ ಮುಳ್ಳು ತೆಗೆದು ಬೆಂಕಿಗೆ ಹಿಡಿದು ಸುತ್ತುವ ಕೆಲಸಕ್ಕೆ ಎಲೆಯೊಂದಕ್ಕೇ ಹನ್ನೆರಡು ಬಿದ್ದು ದರ 35ಕ್ಕೆ ಹೋಯಿತು, ಅಷ್ಟಮಿ–ಚೌತಿಗೆ ಬಿಟ್ಟರೆ ಹೋಗಲಿಲ್ಲ. ಅಕ್ಕಿ–ಬೆಲ್ಲದ ಕಲತ್ತಪ್ಪದ ಪ್ರಯೋಗವೂ ಕೈಕೊಟ್ಟಿತು. ಓವನ್ನಿನಲ್ಲಿ ಮೇಲೆ ಬಣ್ಣ ಬಂತು, ಒಳಗೆ ಜೇನುಗೂಡಿನಂಥ ತೂತು ಬರಲಿಲ್ಲ. ಅದಕ್ಕೆ ದಪ್ಪ ತಳದ ಪಾತ್ರೆಯಲ್ಲಿ ಕೆಳಗಿನಿಂದ ಬರುವ ಬಿಸಿಯೇ ಬೇಕು. ಬೇಕರಿಯವರು ಅದನ್ನು ಚೆನ್ನಾಗಿಯೂ ಅಗ್ಗವಾಗಿಯೂ ಮಾಡುತ್ತಾರೆ, ಕೈಬಿಟ್ಟೆ.

ರಂಜಾನ್ ತಿಂಗಳು ಬಂದರೆ ಬೆಳಗ್ಗಿನ ವ್ಯಾಪಾರ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಹಿಂದೆ ಆ ತಿಂಗಳು ಸಸ್ಯಾಹಾರಿ ಹೋಟೆಲಿನವರು ಪೇಂಟ್ ಮಾಡಿಸುತ್ತಿದ್ದರು. ಈಗ ಆ ತಿಂಗಳು ಬೆಳಿಗ್ಗೆ ಎರಡೇ ಐಟಂ, ಸಂಜೆ ನಾಲ್ಕೂವರೆಯಿಂದ ಗೋಳಿಬಜೆಯ ಪಾರ್ಸೆಲು. ತಳಂಗರೆ, ನೆಲ್ಲಿಕುಂಜೆ ಕಡೆಯ ಮನೆಗಳಿಗೆ ಇಫ್ತಾರಿಗೆ ಒಯ್ಯುತ್ತಾರೆ, ಮಾಮೂಲು ದಿನದ ಎರಡು ಪಟ್ಟು ಹೋಗುತ್ತದೆ. ಬಾಂಗಿಗೆ ಕಾಲು ಗಂಟೆ ಇರುವಾಗ ಬಾಣಲೆ ಇಳಿಸಿಬಿಡಬೇಕು, ಆಮೇಲೆ ಕರಿದದ್ದೆಲ್ಲ ಉಳಿಯುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಗೋಳಿಬಜೆ ಬೆವರಿ ಚರ್ಮದ ಹಾಗಾಗುತ್ತದೆ, ಕಾಗದದ ಕವರು, ಬಾಯಿ ತೆರೆದಿರಬೇಕು.

2022ರ ಮೇಯಲ್ಲಿ ಚೆರುವತ್ತೂರಿನಲ್ಲಿ ಶವರ್ಮ ತಿಂದ ವಿದ್ಯಾರ್ಥಿನಿ ತೀರಿಕೊಂಡ ಮೇಲೆ ಜಿಲ್ಲೆಯಲ್ಲಿ ತಪಾಸಣೆ ಬಿಗಿಯಾಯಿತು. 2023ರಿಂದ ಕೆಲಸದವರಿಗೆಲ್ಲ ಹೆಲ್ತ್ ಕಾರ್ಡು, ಪಾರ್ಸೆಲಿನ ಮೇಲೆ ತಯಾರಿಸಿದ ಹೊತ್ತಿನ ಸ್ಟಿಕ್ಕರು. ಹಲವರಿಗೆ ಅದು ಕಿರಿಕಿರಿ. ನನ್ನ ಮಟ್ಟಿಗೆ ಆ ಸ್ಟಿಕ್ಕರೇ ಜಾಹೀರಾತು: ಐದು ನಿಮಿಷ ಹಿಂದಿನ ಹೊತ್ತು ಕಂಡರೆ ಬಿಸಿ ಎಂದು ಬೇರೆ ಹೇಳಬೇಕಿಲ್ಲ. ಬೋರ್ಡು ಕನ್ನಡ, ಮಲಯಾಳ ಎರಡರಲ್ಲೂ, ದರ ಮತ್ತು ಹೊತ್ತು ದೊಡ್ಡಕ್ಷರದಲ್ಲಿ.

ಒಟ್ಟು ಲೆಕ್ಕ ನೆನಪಿನಿಂದ: ದಿನದ ವ್ಯಾಪಾರ 13,500ರಿಂದ 14,000, ಅದರಲ್ಲಿ ಚಹಾ ಒಂದರಿಂದಲೇ 3,000. ಸಾಮಾನು 5,500. ನಾಲ್ವರ ಸಂಬಳ 3,400. 19 ಕಿಲೋದ ಸಿಲಿಂಡರು ಎರಡು ದಿನಕ್ಕೊಂದು. ಬಾಡಿಗೆ ತಿಂಗಳಿಗೆ 25,000. ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಪದ್ಧತಿಯಾದ ಜಿ.ಎಸ್.ಟಿ. ಕಾಂಪೊಸಿಷನ್‌ನಲ್ಲಿ ಶೇಕಡಾ 5, ಅದನ್ನು ಬಿಲ್ಲಿನಲ್ಲಿ ಸೇರಿಸಿ ವಸೂಲು ಮಾಡುವಂತಿಲ್ಲ, ಆದ್ದರಿಂದ ದರ ಇಡುವಾಗಲೇ ಒಳಗೆ ಸೇರಿಸಿರಬೇಕು. ಕರೆಂಟು, ಕವರು, ಚಿಲ್ಲರೆ ಕಳೆದು ಒಂದೂಮುಕ್ಕಾಲರಿಂದ ಎರಡು ಸಾವಿರ ಉಳಿಯುತ್ತದೆ. ಭಾನುವಾರ ರಜೆ. ಕಾವಲಿ ನೋಡುವುದು ಒಡಿಶಾದ ಹುಡುಗ, ಇಲ್ಲಿಯವರಿಗಿಂತ ತೆಳ್ಳಗೆ ಹೊಯ್ಯುತ್ತಾನೆ. ಅವನು ಊರಿಗೆ ಹೋಗುವ ತಿಂಗಳು ನೀರುದೋಸೆ ಅರ್ಧಕ್ಕೆ ಇಳಿಸುವುದಲ್ಲದೆ ಬೇರೆ ದಾರಿ ಕಂಡಿಲ್ಲ.

ಮಧ್ಯಾಹ್ನ ಗ್ರೈಂಡರು ಸುಮ್ಮನೆ ಕೂರುವುದರಿಂದ ಈಗ ಹಿಟ್ಟಿನ ಪ್ಯಾಕೆಟ್ ಮಾಡುತ್ತಿದ್ದೇನೆ. ನೀರುದೋಸೆಯ ಹಿಟ್ಟು ಪ್ಯಾಕೆಟಿನಲ್ಲಿ ನೀರು ಬೇರೆ ಹಿಟ್ಟು ಬೇರೆ ಆಗಿ ವಾಪಸು ಬಂತು. ಇಡ್ಲಿ ಹಿಟ್ಟು ಮಾತ್ರ ನಿಲ್ಲುತ್ತದೆ, ಉಬ್ಬುವ ಮೊದಲೇ ತುಂಬಿ ಫ್ರಿಜ್ಜಿಗೆ ಸೇರಿಸಬೇಕು, ಮೂಲೆಯಲ್ಲಿ ಸೂಜಿಯಷ್ಟು ತೂತು. ವಿದ್ಯಾನಗರದ ಎರಡು ಅಂಗಡಿಗೆ ಹೋಗುತ್ತಿದೆ, ಕಿಲೋಗೆ 60, ಅದರಲ್ಲಿ ಅಂಗಡಿಯವರ ಪಾಲು 8. ಉಳಿದದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂಬ ಷರತ್ತಿಗೆ ಮೂರನೆಯ ಅಂಗಡಿಯವರು ಇನ್ನೂ ಒಪ್ಪಿಲ್ಲ.