ನಿರುದ್ಯೋಗ ಭತ್ಯೆ ಪಡೆದ ವರ್ಷ ಅಮೆರಿಕದಲ್ಲಿ ತೆರಿಗೆ ಲೆಕ್ಕ ಹೇಗೆ?

ಅಮೆರಿಕದಲ್ಲಿ ಕೆಲಸ ಹೋದವರಿಗೆ ರಾಜ್ಯ ಸರ್ಕಾರ ಕೊಡುವ ನಿರುದ್ಯೋಗ ಭತ್ಯೆಗೂ ಫೆಡರಲ್ (ಕೇಂದ್ರ ಸರ್ಕಾರದ) ಆದಾಯ ತೆರಿಗೆ ಉಂಟು, ಅದೂ 1987ರಿಂದ ಪೂರ್ತಿ ಮೊತ್ತಕ್ಕೆ. ಕೋವಿಡ್ ಕಾಲದ 10,200 ಡಾಲರ್ ವಿನಾಯಿತಿಯನ್ನು ನೆಚ್ಚಿ ಕೂರಬೇಡಿ. ಅದು 2020ರ ಭತ್ಯೆಗಷ್ಟೇ ಸಿಕ್ಕಿದ್ದು.

ಭತ್ಯೆ ಶುರುವಾಗುವಾಗಲೇ ಶೇ 10ರಷ್ಟು ತೆರಿಗೆ ಮುರಿದುಕೊಳ್ಳಲು ಬರೆದುಕೊಡಿ. ಡಬ್ಲ್ಯು-4ವಿ ಫಾರ್ಮ್ ಇರುವುದು ಇದಕ್ಕೇ. ಬೇರೆ ದರ ಆರಿಸಲು ಬರುವುದಿಲ್ಲ. ಮುಂದಿನ ಜನವರಿ ಕೊನೆಯ ಹೊತ್ತಿಗೆ ರಾಜ್ಯದಿಂದ ಭತ್ಯೆಯ ಲೆಕ್ಕ ತೋರಿಸುವ 1099-ಜಿ ಫಾರ್ಮ್ ಸಿಗುತ್ತದೆ. ಅದರ 1ನೇ ಚೌಕದಲ್ಲಿ ಭತ್ಯೆ, 4ನೆಯದರಲ್ಲಿ ಮುರಿದ ತೆರಿಗೆ. ಭತ್ಯೆಯ ಮೊತ್ತವನ್ನು ರಿಟರ್ನ್‌ನ ಶೆಡ್ಯೂಲ್ 1 ಎಂಬ ಲಗತ್ತಿನ 7ನೇ ಸಾಲಿಗೆ ಏರಿಸಿ. ರಾಜ್ಯದ ತೆರಿಗೆ ಬೇರೆಯೇ: ನ್ಯೂಯಾರ್ಕ್ ವಸೂಲಿ ಮಾಡುತ್ತದೆ, ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿ ಮಾಡುವುದಿಲ್ಲ.

ತಲೆನೋವು ಇರುವುದು ಮಕ್ಕಳನ್ನು ನಿಮ್ಮ ರಿಟರ್ನ್‌ನಲ್ಲಿ ಅವಲಂಬಿತರೆಂದು (ನೀವು ಸಾಕುತ್ತಿರುವವರೆಂದು) ತೋರಿಸುವಾಗ. ಹಿಂದಿನ ವರ್ಷ ಅರೆಕಾಲಿಕ ಕೆಲಸ ಕಳೆದುಕೊಂಡ 20 ವರ್ಷದ ಮಗಳು ಪೂರ್ಣಾವಧಿ ವಿದ್ಯಾರ್ಥಿನಿ, 2025ರಲ್ಲಿ ಅವಳಿಗೆ ಬಂದದ್ದು 6,000 ಡಾಲರ್ ಭತ್ಯೆ ಮಾತ್ರ ಎಂದುಕೊಳ್ಳಿ. 24 ತುಂಬದ ಇಂಥ ವಿದ್ಯಾರ್ಥಿಗಳಿಗೆ ಆದಾಯದ ಮಿತಿ ಇಲ್ಲ. ಆದರೆ ತನ್ನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವಳೇ ಭರಿಸಿರಬಾರದು. ಬಾಡಿಗೆಗೋ ಊಟಕ್ಕೋ ಖರ್ಚಾದ ಭತ್ಯೆ ಈ ಲೆಕ್ಕಕ್ಕೆ ಸೇರುತ್ತದೆ. ಬ್ಯಾಂಕಿನಲ್ಲಿ ಉಳಿದದ್ದು ಸೇರುವುದಿಲ್ಲ. ಹಾಗಾಗಿ ರಸೀದಿಗಳನ್ನು ಎಸೆಯಬೇಡಿ.

ಅವಳು ನಿಮ್ಮ ರಿಟರ್ನ್‌ಗೆ ಸೇರಿದಳು ಅನ್ನಿ. ಅವಳ ಭತ್ಯೆ ಮಾತ್ರ ಅವಳ ಹೆಸರಿನಲ್ಲೇ ಇರುತ್ತದೆ, ರಿಟರ್ನ್ ಅವಳೂ ಸಲ್ಲಿಸಬೇಕು. ಭತ್ಯೆ ದುಡಿಮೆಯ ಗಳಿಕೆ ಅಲ್ಲವಾದ್ದರಿಂದ ಅವಳಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕ ಹಾಕುವ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಬರೀ 1,350 ಡಾಲರ್. ಅವಲಂಬಿತಳಲ್ಲದ ಒಂಟಿ ವ್ಯಕ್ತಿಗಾದರೆ ಅದು 15,750! ಸಾಲದ್ದಕ್ಕೆ, ಅವಳ 6,000ದಲ್ಲಿ 2,700 ಮೀರಿದ 3,300 ಡಾಲರಿಗೆ ತಂದೆತಾಯಿಯ ದರ ಹೆಚ್ಚಿದ್ದರೆ ಆ ದರದಲ್ಲೇ ತೆರಿಗೆ. ಫಾರ್ಮ್ 8615 ತುಂಬಿಸಿಕೊಳ್ಳುವುದು ಇದನ್ನೇ. ಕೆಲಸವಿಲ್ಲದ ಹುಡುಗಿಯ ಮೇಲೆ ಇದೆಂಥ ಪ್ರೀತಿಯೋ!

ಓದು ಮುಗಿಸಿ ಮನೆಯಲ್ಲಿರುವ 25ರ ಮಗನಿಗೆ ನಿಯಮ ಬೇರೆ. 2025ರಲ್ಲಿ ಭತ್ಯೆಯೂ ಸೇರಿ ಅವನ ಆದಾಯ 5,200 ಡಾಲರ್ ಮುಟ್ಟಿದರೆ, ಅನ್ನ ಹಾಕುತ್ತಿರುವುದು ನೀವೇ ಆದರೂ ಅವನು ಅವಲಂಬಿತನಲ್ಲ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಪ್ರತಿ ತಿಂಗಳು ಹಣ ಕಳಿಸುತ್ತಿದ್ದರೂ ಅವರು ಅಮೆರಿಕದ ಪ್ರಜೆಗಳೋ ತೆರಿಗೆಯ ಲೆಕ್ಕದಲ್ಲಿ ಅಲ್ಲಿನ ನಿವಾಸಿಗಳೋ ಆಗಿರದಿದ್ದರೆ ಅವರ ಹೆಸರನ್ನು ಬರೆಯುವಂತಿಲ್ಲ.

ಅರ್ಜಿಯನ್ನೇ ಹಾಕದೆ 1099-ಜಿ ಬಂದರೆ ಯಾರೋ ನಿಮ್ಮ ಹೆಸರಿನಲ್ಲಿ ಭತ್ಯೆ ಎತ್ತಿರಬಹುದು. ಫಾರ್ಮ್ ಕಳಿಸಿದ ರಾಜ್ಯದ ಕಚೇರಿಗೆ ಕೂಡಲೇ ದೂರು ಕೊಟ್ಟು ತಿದ್ದಿಸಿಕೊಳ್ಳಿ. ರಿಟರ್ನ್‌ನಲ್ಲಿ ನಿಮ್ಮ ಕೈಗೆ ನಿಜವಾಗಿ ಬಂದದ್ದನ್ನಷ್ಟೇ ತೋರಿಸಿ.